ಲೋಟದ ಲೆಕ್ಕ

ನಮ್ಮ ಬಚ್ಚಲಿನ ಕಿಟಕಿಯ ಮೇಲೆ, ಗಾಜಿನ ಬಾಟಲಿಯೊಂದರಲ್ಲಿ, ಹನ್ನೊಂದು ಹಲ್ಲುಜ್ಜುವ ಬ್ರಷ್ಷುಗಳು ತಲೆಗೆ ತಲೆ ತಾಗಿಸಿಕೊಂಡು ನಿಂತಿರುತ್ತಿದ್ದವು. ಬೆಳಿಗ್ಗೆ ನಾನು ಕೈ ಹಾಕುವ ಹೊತ್ತಿಗೆ ನನ್ನದು ಒದ್ದೆಯಾಗಿರುತ್ತಿತ್ತು. ಅದು ಯಾರ ಬಾಯಿಗೆ ಹೋಗಿ ಬಂದಿದೆಯೆಂದು ತಿಳಿಯುವ ದಾರಿಯಿರಲಿಲ್ಲ. ನಾನು ಎಣಿಸಲು ಶುರು ಮಾಡಿದ್ದು ಅಸಹ್ಯದಿಂದ. ಮೊದಲು ನನ್ನ ಬ್ರಷ್ಷಿನ ಹಿಡಿಯ ಮೇಲೆ ಅಡುಗೆಮನೆಯ ಚಾಕುವಿನಿಂದ ಒಂದು ಗೀರು ಹಾಕಿದೆ, ಆಮೇಲೆ ಬಾಚಣಿಗೆಗೆ, ಟವೆಲಿಗೆ, ದಿಂಬಿಗೆ. ಆಮೇಲೆ ಉಳಿದವರ ವಸ್ತುಗಳಿಗೂ ಸಂಖ್ಯೆ ಕೊಟ್ಟು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಯಾರ ತಲೆಯಿಂದ ಎಷ್ಟು ಹೇನು ತೆಗೆದೆವು, ಯಾರು ಯಾವ ವಾರ ಚಾಪೆ ಒದ್ದೆ ಮಾಡಿದರು, ಯಾವ ಚಾಪೆ ಒಣಗಲು ಎಷ್ಟು ಹೊತ್ತು ಹಿಡಿಯಿತು, ಎಲ್ಲಕ್ಕೂ ತಾರೀಖು ಹಾಕುತ್ತಿದ್ದೆ. ಆಗ ನನಗೆ ಹನ್ನೆರಡು ವರ್ಷ. ಅಪ್ಪ ಅಂಗಡಿಯಿಂದ ಬಂದವನು ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದ:

"ಏನ್ ಶಾನುಭೋಗ್ರೆ, ಇವತ್ತು ಎಷ್ಟಾತು?"

ನಾನು ನೋಟುಬುಕ್ಕು ನೋಡಿ ಗಂಭೀರವಾಗಿ ಉತ್ತರಿಸುತ್ತಿದ್ದೆ. ಈಗ ಆ ನೋಟುಬುಕ್ಕುಗಳನ್ನು ತೆರೆದರೆ ನನ್ನ ಅಕ್ಷರದ ಅಚ್ಚುಕಟ್ಟುತನವೇ ವಾಕರಿಕೆ ತರಿಸುತ್ತದೆ.

ಚನ್ನಗಿರಿಯ ಆ ಮನೆ ರೈಲು ಡಬ್ಬಿಯಂತೆ ಉದ್ದಕ್ಕೆ ಇತ್ತು. ಬೀದಿಗೆ ಒಂದು ಕಟ್ಟೆ, ಅದರ ಹಿಂದೆ ಮುಂದಿನ ಕೋಣೆ, ನಡುಮನೆ, ಅಡುಗೆಮನೆ, ಕೊನೆಗೆ ಬಚ್ಚಲು ಮತ್ತು ಬಟ್ಟೆ ಒಗೆಯುವ ಕಲ್ಲು. ಅಮ್ಮ ಅಂಗನವಾಡಿ ಕಾರ್ಯಕರ್ತೆ. ಒಂದು ಸಂಜೆ ಕರೆದುಕೊಂಡು ಹೋಗಲು ಯಾರೂ ಬಾರದ ಮಗುವೊಂದನ್ನು ಅವಳು ಸೊಂಟದ ಮೇಲೆ ಕೂರಿಸಿಕೊಂಡು ಮನೆಗೆ ತಂದಳು. ಅದರ ಅಪ್ಪ ಆಸ್ಪತ್ರೆಯಲ್ಲಿದ್ದ, ಅಮ್ಮ ಅವನ ಕಾಲ ಬಳಿ ಕೂತಿದ್ದಳು. ಮಗು ನಮ್ಮಲ್ಲಿ ಇಪ್ಪತ್ತಾರು ದಿನ ಇತ್ತು. ಅದು ಹೋದ ಮೇಲೆ ಮತ್ತೊಂದು ಬಂತು, ಅದರ ಜೊತೆಗೆ ಅದರ ತಮ್ಮ ಬಂದ. ಅಮ್ಮನ ಗೆಳತಿಯರು ಕೆಲವರು ಸೇರಿ ಇದಕ್ಕೊಂದು ಸಂಘ ಮಾಡಿ ನೋಂದಣಿ ಮಾಡಿಸಿದರು. ಹೊನ್ನಾಳಿಯಲ್ಲಿ ಎರಡು ಮನೆಯವರು ನಾವೂ ಮಕ್ಕಳನ್ನು ಇಟ್ಟುಕೊಳ್ಳುತ್ತೇವೆ ಎಂದರು, ನ್ಯಾಮತಿಯಲ್ಲಿ ಒಬ್ಬ ಟೈಲರಮ್ಮ ತನ್ನ ಅಂಗಡಿಯ ಮಾಳಿಗೆ ಬಿಟ್ಟುಕೊಟ್ಟಳು, ಜಗಳೂರಿನಲ್ಲಿ ಕಚೇರಿ ತೆರೆಯುವ ಮಾತು ಶುರುವಾಯಿತು. ಹೀಗೆ ಸಂಘ ಬೆಳೆದಂತೆಲ್ಲ ನಮ್ಮ ಮುಂದಿನ ಕೋಣೆ ನಮ್ಮದಾಗಿ ಉಳಿಯಲಿಲ್ಲ. ಮೇಜು ಬಂತು, ಬ್ಯಾನರು ಬಂತು, ಕಬ್ಬಿಣದ ಬೀರು ಬಂತು, ಬೀರುವಿನ ಜೊತೆಗೆ ಹೊಸ ಭಾಷೆಯೂ ಬಂತು. ಮಗು ಎನ್ನುತ್ತಿದ್ದವರು ಕೇಸು ಎನ್ನತೊಡಗಿದರು. ನಮ್ಮ ಜೊತೆ ಉಪ್ಪಿಟ್ಟು ತಿನ್ನುತ್ತ ಕೂತ ಮಗುವಿನ ತಲೆಯ ಮೇಲಿಂದಲೇ "ಈ ಕೇಸು ಯಾವಾಗ ಕ್ಲೋಸ್ ಆಗುತ್ತೆ" ಎಂದು ಕೇಳುತ್ತಿದ್ದರು. ಮಗು ಉಪ್ಪಿಟ್ಟಿನಲ್ಲಿ ಸಾಸಿವೆ ಆರಿಸುತ್ತಿತ್ತು.

ನನಗೆ ಇದಕ್ಕಿಂತ ಹೇಸಿಗೆಯಾಗುತ್ತಿದ್ದುದು ಹುಟ್ಟುಹಬ್ಬಗಳು. ನಮ್ಮ ಮಕ್ಕಳದಲ್ಲ, ಊರಿನವರ ಮಕ್ಕಳದು. ಅನಾಥರ ನಡುವೆ ಕೇಕ್ ಕತ್ತರಿಸಿದರೆ ಒಳ್ಳೆಯದೆಂದು ಯಾರೋ ಹೇಳಿಕೊಟ್ಟಿರಬೇಕು. ವಾರಕ್ಕೆ ಒಂದಾದರೂ ಕುಟುಂಬ ಮಗನಿಗೆ ಕೋಟು ತೊಡಿಸಿ, ಕೇಕಿನ ಡಬ್ಬಿ ಹಿಡಿದು ಬರುತ್ತಿತ್ತು. ನಮ್ಮನ್ನೆಲ್ಲ ಎತ್ತರದ ಪ್ರಕಾರ ನಿಲ್ಲಿಸುತ್ತಿದ್ದರು. ನನ್ನನ್ನೂ ಸೇರಿಸಿಯೇ, ಯಾಕೆಂದರೆ ಫೋಟೋದಲ್ಲಿ ಸಾಲು ತುಂಬಬೇಕು. ಗೊತ್ತಿಲ್ಲದ ಹುಡುಗನ ಹೆಸರು ಸೇರಿಸಿ ನಾವು ಹಾಡಬೇಕು. ಆಮೇಲೆ ಅವನ ಅಪ್ಪ, ಚಿಕ್ಕಪ್ಪ, ಸೋದರಮಾವ ಒಬ್ಬೊಬ್ಬರಾಗಿ ಬಂದು ಬೆರಳಲ್ಲಿ ಕೇಕು ಅದ್ದಿ ನಮ್ಮ ಬಾಯಿಗೆ ತುರುಕಬೇಕು. ಒಬ್ಬರ ಬೆರಳಲ್ಲಿ ಸುಣ್ಣದ ವಾಸನೆ, ಇನ್ನೊಬ್ಬರ ಬೆರಳಲ್ಲಿ ಸಿಗರೇಟಿನದು. ಸಂಘದ ಸಂಯೋಜಕರು ಹೊನ್ನಾಳಿಯ ಪ್ರಭು ಸರ್. ಮೊಬೈಲು ಹಿಡಿದು ಎದುರಿಗೆ ನಿಂತು ನನಗೆ ಹೇಳುತ್ತಿದ್ದರು:

"ಲೇ ಶೋಭಾ, ಅಷ್ಟು ಹಲ್ಲು ಬಿಡಬ್ಯಾಡ. ಚೂರು ಸಪ್ಪಗಿರು. ಹಾಂ, ಹಂಗೆ."

ಅಂಥ ಒಂದು ದಿನ ಮೂರನೆಯ ಬೆರಳು ಬಾಯಿಗೆ ಬಂದಾಗ ರೇಖಾ ಎಂಬ ಹುಡುಗಿ ಕೇಕನ್ನೆಲ್ಲ ಆ ಸೋದರಮಾವನ ಅಂಗಿಯ ತೋಳಿನ ಮೇಲೆ ಕಾರಿಕೊಂಡಳು. ಅವಳಿಗೆ ಆರು ವರ್ಷ. ಆ ಮನೆಯಲ್ಲಿ ನನಗೆ ಮೊದಲ ಸಲ ಯಾರ ಮೇಲಾದರೂ ಗೌರವ ಹುಟ್ಟಿದ್ದರೆ ಅದು ಆವತ್ತು.

ರೇಖಾಳ ಅವ್ವ ದುರುಗಮ್ಮ ಜಗಳೂರಿನ ಕಡೆಯವಳು. ಗಂಡ ಸತ್ತ ಮೇಲೆ ಮಗಳನ್ನು ಕಟ್ಟಿಕೊಂಡು ತ್ಯಾವಣಿಗೆ ಹತ್ತಿರದ ಇಟ್ಟಿಗೆ ಭಟ್ಟಿಗೆ ಕೆಲಸಕ್ಕೆ ಬಂದಿದ್ದಳು. ಬಿಸಿ ಬೂದಿಯಲ್ಲಿ ಕಾಲಿಟ್ಟು ರೇಖಾಳ ಅಂಗಾಲು ಸುಟ್ಟಿತು. ಗಾಯಕ್ಕೆ ಪಟ್ಟಿ ಕಟ್ಟಿಸಲು ಚನ್ನಗಿರಿ ಆಸ್ಪತ್ರೆಗೆ ಬಂದವಳಿಗೆ ಅಮ್ಮ ಸಿಕ್ಕಿದಳು. ಒಪ್ಪಂದ ನನ್ನ ಎದುರಿಗೇ ಆಯಿತು. ಒಂದು ವರ್ಷ ಮಗು ನಮ್ಮಲ್ಲಿ ಇರುತ್ತದೆ. ಅಷ್ಟರಲ್ಲಿ ದುರುಗಮ್ಮ ಜಗಳೂರಿನಲ್ಲಿ ಅಣ್ಣನ ಮನೆ ಪಕ್ಕ ಒಂದು ಕೋಣೆ ಮಾಡಿಕೊಳ್ಳಬೇಕು, ಮತ್ತು ಬಿಡುವಾದಾಗಲೆಲ್ಲ ಮಗಳನ್ನು ನೋಡಲು ಬರುತ್ತಿರಬೇಕು. ತಾಯಿ ಬರುವುದನ್ನು ಬಿಟ್ಟಳೆಂದರೆ ಮಗುವನ್ನು ಬೇರೆ ಮನೆಗೆ ದೀರ್ಘಕಾಲಕ್ಕೆ ಕೊಡಬಹುದು. ಅಂಥ ಮನೆಯೂ ಸಿದ್ಧವಿತ್ತು. ಹೊನ್ನಾಳಿಯಲ್ಲಿ ಬಟ್ಟೆ ಅಂಗಡಿಯಿದ್ದ ಮಕ್ಕಳಿಲ್ಲದ ದಂಪತಿ. ಒಳ್ಳೆಯವರೇ. ರೇಖಾಳನ್ನು ಒಮ್ಮೆ ನೋಡಿ ಹೋದ ಮೇಲೆ ಅವಳ ಅಳತೆಯ ಚಪ್ಪಲಿ ತಂದುಕೊಟ್ಟಿದ್ದರು, ಸುಟ್ಟ ಕಾಲಿಗೆ ನೋವಾಗದಂಥ ಮೆತ್ತನೆಯದು.

"ಒಂದೇ ವರ್ಷ ಅಲ್ಲೇನ್ರಕ್ಕ?" ಎಂದು ದುರುಗಮ್ಮ ಕೇಳಿದಳು.

"ಒಂದೇ ವರ್ಷ ಕಣಮ್ಮ. ನೀನು ಬರ್ತಾ ಇರು, ಅಷ್ಟೆ."

"ಬರ್ತೀನಿ. ಸೋಮವಾರ ಭಟ್ಟಿಗೆ ರಜಾ ಐತೆ. ಬರದೆ ಎಲ್ಲಿಗೋಗ್ಲಿ."

ಯಾರ ತಂದೆತಾಯಿ ಎಷ್ಟು ಸಲ ಬಂದರು ಎಂಬುದಕ್ಕೆ ಸಂಘ ಒಂದು ಭೇಟಿ ಪುಸ್ತಕ ಇಟ್ಟಿತ್ತು. ಅದನ್ನು ತುಂಬುವವರಿರಲಿಲ್ಲ. ಅಮ್ಮ ಬೆಳಿಗ್ಗೆ ಅಂಗನವಾಡಿಗೆ, ಮಧ್ಯಾಹ್ನ ನ್ಯಾಮತಿಗೋ ಹೊನ್ನಾಳಿಗೋ ಬಸ್ಸು ಹತ್ತುವಳು. ಅಪ್ಪನಿಗೆ ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ. ಹಗಲೆಲ್ಲ ಮನೆಯಲ್ಲಿ ಇರುತ್ತಿದ್ದುದು ಅಜ್ಜಿ, ಅಪ್ಪನ ತಾಯಿ, ಜೊತೆಗೆ ಇನ್ನೂ ಶಾಲೆಗೆ ಸೇರಿಸದ ಮಕ್ಕಳು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಹಾಗಾಗಿ ಪುಸ್ತಕ ನನ್ನ ಕೈಗೆ ಬಂತು. ಶಾಲೆ ಬಿಟ್ಟು ಬಂದು ಬಚ್ಚಲ ಕಲ್ಲಿನ ಮೇಲೆ ಬಿದ್ದಿದ್ದ ಪಾತ್ರೆ ತೊಳೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ಬಂದವರಿಗೆಲ್ಲ ನಮ್ಮ ಮನೆಯಲ್ಲಿ ಟೀ ಕೊಡುತ್ತಿದ್ದರು. ಆದ್ದರಿಂದ ನಾನೊಂದು ವಿಧಾನ ಕಂಡುಹಿಡಿದೆ. ಕಲ್ಲಿನ ಮೇಲಿನ ಸ್ಟೀಲ್ ಲೋಟಗಳನ್ನು ಎಣಿಸುವುದು, ಮನೆಯವರದನ್ನು ಕಳೆಯುವುದು, ಉಳಿದವು ಯಾರವೆಂದು ಅಜ್ಜಿಯನ್ನು ಕೇಳುವುದು.

"ಅಜ್ಜಿ, ಮೂರು ಲೋಟ ಐತೆ. ಯಾರ್ಯಾರು ಕುಡಿದ್ರು?"

"ಒಂದು ಆ ಪ್ರಭು. ಒಂದು ಬೀರು ರಿಪೇರಿಯೋನು. ಇನ್ನೊಂದು ಯಾರಪ್ಪ, ಹಾಂ, ಅವಳಿ ಹುಡುಗ್ರ ಅಪ್ಪ."

ನಾನು ಬರೆಯುತ್ತಿದ್ದೆ: ಅವಳಿ ಮಕ್ಕಳ ತಂದೆ, ಭೇಟಿ ಒಂದು. ಒಂದು ಲೋಟವೂ ತಪ್ಪುತ್ತಿರಲಿಲ್ಲ. ತಿಂಗಳ ಕೊನೆಗೆ ಪ್ರಭು ಸರ್ ಪುಸ್ತಕ ತಿರುವಿ, ಮೂರು ಊರಿನ ಪುಸ್ತಕಗಳಲ್ಲಿ ಚನ್ನಗಿರಿಯದೇ ಚೊಕ್ಕ ಎಂದು ಎಲ್ಲರೆದುರು ಹೇಳುತ್ತಿದ್ದರು. ನನಗೆ ಕತ್ತಿನವರೆಗೆ ಹೆಮ್ಮೆ ಬರುತ್ತಿತ್ತು.

ಅಜ್ಜಿಯ ಬಗ್ಗೆ ಹೇಳಬೇಕು. ಮಕ್ಕಳನ್ನು ಮನೆಗೆ ತರುವ ಮಾತಿಗೆ ಅವಳು ಮೊದಲು ಒಪ್ಪಿರಲಿಲ್ಲ. ಮನೆಯಲ್ಲಿ ಲಿಂಗಪೂಜೆ ಆಗುತ್ತದೆ, ಯಾರ್ಯಾರ ಮಕ್ಕಳೋ ಏನೋ ಎಂದು ಎರಡು ದಿನ ಊಟ ಬಿಟ್ಟಿದ್ದಳು. ಆಮೇಲೆ ಅಮ್ಮನಿಗೂ ಅವಳಿಗೂ ಅಡುಗೆಮನೆಯಲ್ಲಿ ಏನೋ ರಾಜಿಯಾಯಿತು. ಕೂಸಿಗೆ ಯಾವ ಜಾತಿ ಎಂದು ಅಜ್ಜಿಯೇ ಹೇಳತೊಡಗಿದಳು. ಮಕ್ಕಳನ್ನು ತನ್ನ ಮಗ್ಗುಲಲ್ಲಿ ಮಲಗಿಸಿಕೊಂಡಳು, ತನ್ನ ತಟ್ಟೆಯಿಂದ ರಾಗಿಮುದ್ದೆ ಮುರಿದು ಬಾಯಿಗೆ ಹಾಕಿದಳು, ರೇಖಾಳ ಅಂಗಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿ ತನ್ನ ತೊಡೆಯ ಮೇಲೇ ಇಟ್ಟುಕೊಂಡು ಕೂರುತ್ತಿದ್ದಳು. ಸಭೆಗಳಲ್ಲಿ ಅಮ್ಮ ಇದನ್ನೇ ಹೇಳುತ್ತಿದ್ದಳು, ನಮ್ಮ ಅತ್ತೆಗೆ ಎಪ್ಪತ್ತು ವರ್ಷ, ಅವರೇ ಬದಲಾಗಿದ್ದಾರೆ ಎಂದು. ಜನ ಚಪ್ಪಾಳೆ ತಟ್ಟುತ್ತಿದ್ದರು. ರಾಜಿಯ ಇನ್ನರ್ಧ ಏನೆಂದು ಅಮ್ಮ ಸಭೆಯಲ್ಲಿ ಹೇಳುತ್ತಿರಲಿಲ್ಲ. ಅದು ಅಡುಗೆಮನೆಯ ಬಾಗಿಲ ಹಿಂದೆ, ಮೊಳೆಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಇತ್ತು. ಕಾಗದದ ಕಪ್ಪುಗಳು. ಕೆಲವರ ತಂದೆತಾಯಿ ಬಂದರೆ ಮುಂದಿನ ಕೋಣೆಯಲ್ಲಿ ಕುರ್ಚಿ, ಸ್ಟೀಲ್ ಲೋಟ. ಇನ್ನು ಕೆಲವರು ಬಂದರೆ ಕಟ್ಟೆ, ಕಾಗದದ ಕಪ್ಪು. ಯಾರಿಗೆ ಯಾವುದು ಎಂಬುದನ್ನು ಅಜ್ಜಿ ಬಾಗಿಲಲ್ಲಿ ನಿಂತು ಊರು ಕೇಳಿ, ಹೆಸರು ಕೇಳಿ, ಅಷ್ಟರಲ್ಲೇ ತೀರ್ಮಾನಿಸುತ್ತಿದ್ದಳು. ಇದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಕಾಗದದ ಕಪ್ಪು ಆರೋಗ್ಯಕ್ಕೆ ಒಳ್ಳೆಯದು ಎಂದು ಅಮ್ಮ ಒಮ್ಮೆ ನನಗೆ ಹೇಳಿದ್ದಳು, ನಾನು ಕೇಳದೆಯೇ.

ದುರುಗಮ್ಮನನ್ನು ನಾನು ಕಂಡೇ ಇರಲಿಲ್ಲ ಎಂದಿದ್ದರೆ ಈ ಬರಹ ಸುಲಭವಾಗುತ್ತಿತ್ತು. ದಸರೆ ರಜೆಯಲ್ಲಿ ಎರಡು ಸೋಮವಾರ ಕಂಡಿದ್ದೆ. ಅವಳು ಕಟ್ಟೆಯ ತುದಿಯಲ್ಲಿ ಕೂತು ರೇಖಾಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು. ನನ್ನನ್ನು ನೋಡಿ ನಕ್ಕಳು.

"ಏನವ್ವ, ನಮ್ಮ ರೇಖಿ ನಿನ್ನ ಬುಕ್ಕು ಗಿಕ್ಕು ಹರೀತಾಳೇನು?"

"ಇಲ್ಲ. ಪೆನ್ಸಿಲ್ ತಿಂತಾಳೆ."

"ಅದು ಅವಳಪ್ಪನ ಬುದ್ಧಿ. ಅವ್ನು ಬೀಡಿನೂ ಅಗಿತಿದ್ದ."

ನಾನು ನಕ್ಕು ಒಳಗೆ ಹೋದೆ. ಸಂಜೆ ಕಲ್ಲಿನ ಮೇಲೆ ಹೊರಗಿನವರ ಲೋಟ ಇರಲಿಲ್ಲ. ಭೇಟಿ ಪುಸ್ತಕದಲ್ಲಿ ಆ ದಿನಕ್ಕೆ ಸೊನ್ನೆ ಬರೆದೆ. ಅವಳ ಜೊತೆ ಮಾತಾಡಿದ ಕೈಯಲ್ಲೇ ಬರೆದೆ. ಸುಳ್ಳು ಬರೆಯುತ್ತಿದ್ದೇನೆ ಎಂದು ನನಗೆ ಹೊಳೆಯಲಿಲ್ಲ. ಕಟ್ಟೆಯ ಮೇಲೆ ಕೂತವಳು ಬಂದವಳಲ್ಲ, ಕಟ್ಟೆಯ ಮೇಲೆ ಕೂತವಳು, ಅಷ್ಟೆ. ಹನ್ನೆರಡು ವರ್ಷದ ತಲೆಗೆ ಇದನ್ನು ಯಾರೂ ಪಾಠ ಮಾಡಿರಲಿಲ್ಲ. ಮನೆಯಲ್ಲಿ ಉಸಿರಾಡಿದ್ದೇ ಸಾಕಾಗಿತ್ತು.

ವರ್ಷ ಮುಗಿಯುತ್ತ ಬಂದಾಗ, ಮಕ್ಕಳು ಯಾರ ಬಳಿ ಇರಬೇಕೆಂದು ತೀರ್ಮಾನಿಸುವ ಜಿಲ್ಲೆಯ ಸಮಿತಿಗೆ ವರದಿ ಕಳಿಸಲು ಪ್ರಭು ಸರ್ ನಮ್ಮ ಮುಂದಿನ ಕೋಣೆಯಲ್ಲಿ ಕೂತರು. ದುರುಗಮ್ಮನನ್ನೂ ಕರೆಸಿದ್ದರು. ಆವತ್ತು ಕಚೇರಿಯ ಕೆಲಸವಾದ್ದರಿಂದ ಅವಳನ್ನು ಒಳಗೆ ಬಿಟ್ಟಿದ್ದರು. ಅವಳು ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಜಗಳೂರಿನಲ್ಲಿ ಶೀಟು ಹಾಕಿ ಕೋಣೆ ಮಾಡಿಯಾಗಿದೆ, ಶಾಲೆ ಹತ್ತಿರವೇ ಇದೆ, ಮಗಳನ್ನು ಕಳಿಸಿಕೊಡಿ ಎಂದಳು. ಪ್ರಭು ಸರ್ ಭೇಟಿ ಪುಸ್ತಕ ತೆರೆದು ಬೆರಳು ಓಡಿಸಿದರು.

"ಅಲ್ಲಮ್ಮ, ಇಡೀ ವರ್ಷದಾಗೆ ಎರಡು ಸಲ ಬಂದೀಯ. ಎರಡು. ಈಗ ಬಂದು ಮಗು ಕೊಡ್ರಿ ಅಂದ್ರೆ ಹೆಂಗೆ?"

"ಎರಡು ಸಲನಾ? ಪ್ರತಿ ಸೋಮವಾರ ಬಂದೀನ್ರಿ ಸಾ. ಮಳೆಗಾಲದಾಗೆ ಭಟ್ಟಿ ಮುಚ್ಚಿದಾಗ ಊರಿಗೆ ಹೋಗಿದ್ದೆ, ಅಷ್ಟು ಬಿಟ್ಟು."

"ಇಲ್ಲಿ ಬರೆದಿಲ್ವಲ್ಲ."

"ಬರೆದಿಲ್ಲ ಅಂದ್ರೆ? ಅಕ್ಕಾರು ನೋಡ್ಯಾರೆ, ಅಜ್ಜಿಯಾರು ನೋಡ್ಯಾರೆ. ಕೇಳ್ರಿ."

ಅಮ್ಮ ಸೋಮವಾರ ತಾನು ನ್ಯಾಮತಿಯಲ್ಲಿ ಇರುತ್ತೇನೆಂದಳು. ಅದು ನಿಜ. ಅಜ್ಜಿ ಹಿತ್ತಲಲ್ಲಿದ್ದಳು, ಅವಳನ್ನು ಯಾರೂ ಕರೆಯಲಿಲ್ಲ. ಪ್ರಭು ಸರ್ ನನ್ನ ಕಡೆ ತಿರುಗಿದರು.

"ಶೋಭಾ, ನೀನೇ ಬರೆದಿದ್ದಲ್ಲ? ಲೆಕ್ಕ ಸರಿ ಐತೇನು?"

ದುರುಗಮ್ಮ ನನ್ನನ್ನು ನೋಡಿದಳು. ದಸರೆಯಲ್ಲಿ ನಕ್ಕವಳು ನಾನು, ಆದ್ದರಿಂದ ನಾನು ಹೇಳುತ್ತೇನೆಂಬ ಭರವಸೆ ಅವಳ ಮುಖದಲ್ಲಿತ್ತು. ನನ್ನ ತಲೆಯಲ್ಲಿದ್ದುದು ಪುಸ್ತಕ ಒಂದೇ. ಅದರಲ್ಲಿ ಒಂದೂ ಚಿತ್ತುಕಾಟು ಇರಲಿಲ್ಲ.

"ಸರಿ ಐತೆ ಸರ್," ಎಂದೆ.

ದುರುಗಮ್ಮ ಎದ್ದು ಹೊರಗೆ ಹೋದಳು. ಪ್ರಭು ಸರ್ ವರದಿ ಬರೆದರು: ತಾಯಿಗೆ ಆಸಕ್ತಿ ಇಲ್ಲ, ಮಗುವನ್ನು ಹೊನ್ನಾಳಿಯ ಕುಟುಂಬಕ್ಕೆ ದೀರ್ಘಕಾಲಕ್ಕೆ ಕೊಡಬಹುದು. ಸಮಿತಿ ಎರಡು ವಾರದಲ್ಲಿ ತೀರ್ಮಾನ ಮಾಡುತ್ತದೆ ಎಂದರು. ಹೊರಡುವಾಗ ನನ್ನ ಬೆನ್ನು ತಟ್ಟಿದರು.

ನಾಲ್ಕನೆಯ ದಿನ ನಡುಮನೆಯಲ್ಲಿ ಇರುವೆ ಸಾಲು ಕಂಡಿತು. ಅದು ಮಕ್ಕಳ ಟ್ರಂಕುಗಳ ಹಿಂದಕ್ಕೆ ಹೋಗುತ್ತಿತ್ತು. ರೇಖಾಳ ಟ್ರಂಕು ಎಳೆದೆ. ಹಿಂದೆ ಗೋಡೆಗೆ ಒರಗಿಸಿ, ಒಂದರೊಳಗೆ ಒಂದು ತುರುಕಿ, ಕಾಗದದ ಕಪ್ಪುಗಳ ಒಂದು ಕೋಲು ನಿಂತಿತ್ತು. ಹುಳಿತ ಹಾಲಿನ ವಾಸನೆ. ಹಳೆಯ ಕಪ್ಪುಗಳ ತಳದಲ್ಲಿ ಟೀ ಒಣಗಿ ಕಂದು ಚಕ್ಕೆಯಾಗಿತ್ತು, ಅದರ ಮೇಲೆ ಬೂಷ್ಟು, ಬೂಷ್ಟಿನ ಮೇಲೆ ಇರುವೆ. ಕಿರುಚಿ ರೇಖಾಳನ್ನು ಕರೆದೆ.

"ಏನೇ ಇದು ಕೊಳಕು? ಯಾವ ತಿಪ್ಪೆಯಿಂದ ಆಯ್ಕೊಂಡು ಬಂದೆ?"

ಅವಳು ಬಂದು ಕೋಲಿನ ಮುಂದೆ ಅಡ್ಡ ನಿಂತಳು.

"ತಿಪ್ಪೆದಲ್ಲ. ಅವ್ವನವು."

"ಅವ್ವನವು ಅಂದ್ರೆ?"

"ಅವ್ವ ಅರ್ಧ ಕುಡಿದು ಅರ್ಧ ನಂಗೆ ಕೊಡ್ತಾಳೆ. ಆಮೇಲೆ ಕಪ್ಪು ನಂದು."

ನನ್ನ ಅಭ್ಯಾಸ ನನ್ನನ್ನು ಬಿಡಲಿಲ್ಲ. ಮೂಗಿಗೆ ಲಂಗದ ಅಂಚು ಹಿಡಿದು ಒಂದೊಂದಾಗಿ ಬಿಡಿಸಿ ನೆಲದ ಮೇಲೆ ಸಾಲಾಗಿ ಇಟ್ಟೆ. ಮೂವತ್ತನಾಲ್ಕು. ಪುಸ್ತಕ ತಂದು ಅದರಲ್ಲಿದ್ದ ಎರಡು ಭೇಟಿಗಳ ತಾರೀಖು ನೋಡಿದೆ, ಎರಡೂ ಸೋಮವಾರ, ದಸರೆಯವಲ್ಲ. ಅಜ್ಜಿಯ ಬಳಿ ಹೋಗಿ ಕೇಳಿದೆ. ಅವಳಿಗೆ ಚೆನ್ನಾಗಿ ನೆನಪಿತ್ತು. ಆ ಎರಡು ಸಲ ಕಪ್ಪು ಮುಗಿದುಹೋಗಿತ್ತಂತೆ. ಹಿತ್ತಲ ಗೂಡಿನಲ್ಲಿದ್ದ ಸೊಟ್ಟಗಾದ ಒಂದು ಹಳೆಯ ಲೋಟದಲ್ಲಿ ಕೊಟ್ಟಿದ್ದಳಂತೆ. ನಾನು ಅದನ್ನು ತೊಳೆದಿದ್ದೆ, ಎಣಿಸಿದ್ದೆ, ಬರೆದಿದ್ದೆ. ಮನೆಯಲ್ಲಿ ಕಪ್ಪು ಮುಗಿದಾಗ ಮಾತ್ರ ದುರುಗಮ್ಮ ತನ್ನ ಮಗಳನ್ನು ನೋಡಲು ಬಂದಿದ್ದಳು.

ಬ್ರಷ್ಷು, ಹೇನು, ಉಚ್ಚೆಯ ಚಾಪೆ ಇವುಗಳಿಂದ ಅಷ್ಟು ದಿನ ನನಗಾಗುತ್ತಿದ್ದ ಅಸಹ್ಯವೆಲ್ಲ ಆ ನೆಲದ ಮೇಲೆ ಕೂತಲ್ಲೇ ದಿಕ್ಕು ಬದಲಿಸಿತು. ಬೂಷ್ಟು ಹಿಡಿದ ಕಪ್ಪುಗಳು ಒಮ್ಮೆಗೇ ಶುಚಿಯಾಗಿ ಕಂಡವು, ನನ್ನ ಪುಸ್ತಕ ಹೊಲಸಾಗಿ ಕಂಡಿತು. ಆ ವಾಸನೆ ನನ್ನ ಬೆರಳುಗಳಿಂದ ಬರುತ್ತಿದೆ ಅನ್ನಿಸಿ ಎರಡು ಸಲ ಸೋಪು ಹಾಕಿ ಕೈ ತೊಳೆದೆ. ಆಮೇಲೆ ಅಮ್ಮನಿಗಾಗಿ ಕಾದೆ.

ಅಮ್ಮ ಬಸ್ಸಿಳಿದು ಬಂದು, ಸೆರಗಿನಿಂದ ಮುಖ ಒರೆಸಿಕೊಂಡು, ನಿಂತೇ ಎಲ್ಲ ಕೇಳಿದಳು. ಕಪ್ಪುಗಳನ್ನು ನೋಡಿದಳು. ಅವಳಿಗೆ ಹೊಸ ಸುದ್ದಿಯಾದಂತೆ ನನಗೆ ಕಾಣಲಿಲ್ಲ.

"ಪುಸ್ತಕ ತಿದ್ದಿ ಕಳ್ಸೋಣ ಅಮ್ಮ."

"ಏನಂತ ತಿದ್ತೀಯ?"

"ಮೂವತ್ತಾರು ಸಲ ಬಂದಿದ್ರು ಅಂತ."

"ಮೊದ್ಲು ಎರಡು ಅಂತ ಯಾಕೆ ಬರೆದೆ ಅಂತ ಕೇಳ್ತಾರೆ. ಏನ್ ಹೇಳ್ತೀಯ? ಲೋಟ ಕೊಟ್ಟಿರಲಿಲ್ಲ, ಅದಕ್ಕೆ ಎಣಿಸಿಲ್ಲ ಅಂತೀಯಾ?"

"ಹೂಂ."

"ಹೂಂ ಅಂತೆ. ಮುಂದಿನ ತಿಂಗ್ಳು ಜಗಳೂರಲ್ಲಿ ಕಚೇರಿ ಶುರು ಮಾಡ್ತಿದೀವಿ. ಅಲ್ಲಿ ಮುಕ್ಕಾಲು ಪಾಲು ಅವರ ಕೇರಿ ಮಕ್ಕಳೇ ಬರೋದು. ಇದು ಹೊರಗೆ ಬಿದ್ರೆ ಯಾರಾದ್ರೂ ನಮ್ಮನೆ ಬಾಗ್ಲಿಗೆ ಮಗು ತರ್ತಾರಾ? ಒಂದು ಮಗುಗೋಸ್ಕರ ನೂರು ಮಕ್ಕಳ ದಾರಿ ಮುಚ್ತೀಯಾ? ಹೊನ್ನಾಳಿಯೋರು ಅವಳನ್ನ ರಾಣಿ ಥರ ನೋಡ್ಕೊಂತಾರೆ ಕಣೆ."

"ಮತ್ತೆ ಅವಳ ಅವ್ವ?"

ಅಮ್ಮ ಅನ್ನಕ್ಕೆ ನೀರಿಡಲು ಹೋದಳು. ಆ ನೂರು ಮಕ್ಕಳನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಅಮ್ಮ ಸುಳ್ಳು ಹೇಳುತ್ತಿರಲಿಲ್ಲ. ಅವಳು ತಂದ ಮಕ್ಕಳು ಬದುಕಿದ್ದಾರೆ, ಓದಿದ್ದಾರೆ, ಅವರಲ್ಲಿ ಇಬ್ಬರು ಈಗ ಸಂಘದಲ್ಲೇ ಕೆಲಸ ಮಾಡುತ್ತಾರೆ. ಆದರೂ ಆವತ್ತು ಒಲೆಯ ಮುಂದೆ ಬಗ್ಗಿದ ಅವಳ ಬೆನ್ನು ನೋಡಿ ನನಗಾದ ಹೇಸಿಗೆ ಇವತ್ತಿಗೂ ಪೂರ್ತಿ ಹೋಗಿಲ್ಲ. ಅವಳನ್ನು ಬೈಯುವ ಹಕ್ಕು ನನಗಿಲ್ಲ, ಸರಿ ಐತೆ ಎಂದವಳು ನಾನು.

ಮರುದಿನ ಶಾಲೆಗೆ ಹೋಗುವ ದಾರಿಯಲ್ಲಿ ಅಪ್ಪನ ಅಂಗಡಿಗೆ ಹೋದೆ. ಬಿಳಿ ಹಾಳೆಯ ಮೇಲೆ ಹೀಗೆ ಬರೆದು ತಂದಿದ್ದೆ: ಭೇಟಿ ಪುಸ್ತಕವನ್ನು ಬರೆಯುತ್ತಿದ್ದವಳು ನಾನು. ನಾನು ತೊಳೆದ ಲೋಟಗಳನ್ನು ಮಾತ್ರ ಎಣಿಸಿದ್ದೇನೆ. ರೇಖಾಳ ತಾಯಿಗೆ ನಮ್ಮ ಮನೆಯಲ್ಲಿ ಲೋಟ ಕೊಡುತ್ತಿರಲಿಲ್ಲ, ಕಾಗದದ ಕಪ್ಪು ಕೊಡುತ್ತಿದ್ದರು. ಆ ಕಪ್ಪುಗಳು ಮೂವತ್ತನಾಲ್ಕು ಇವೆ. ದಸರೆಯಲ್ಲಿ ಅವರು ಬಂದಿದ್ದನ್ನು ನಾನೇ ನೋಡಿದ್ದೇನೆ. ನೋಡಿಯೂ ಬರೆದಿಲ್ಲ. ಕೆಳಗೆ ಹೆಸರು, ತರಗತಿ, ತಾರೀಖು. ಅಪ್ಪ ಯಂತ್ರದ ಮುಚ್ಚಳ ಎತ್ತಿ ಹಾಳೆ ಇಡುವ ಮೊದಲು ಓದಿದ. ಎರಡನೆಯ ಸಲ ಓದಿದ. ಅದು ಅವನ ತಾಯಿಯ ಮೇಲೆ, ಹೆಂಡತಿಯ ಮೇಲೆ, ಮಗಳ ಮೇಲೆ ಒಟ್ಟಿಗೆ ಬರೆದ ಅರ್ಜಿ. ಅಂಗಡಿಯಲ್ಲಿ ಪಹಣಿ ಹಿಡಿದು ನಿಂತಿದ್ದ ಒಬ್ಬರು ಬೇಗ ಮಾಡಿ ಎಂದು ಗೊಣಗುತ್ತಿದ್ದರು.

"ಎಷ್ಟು ಕಾಪಿ?" ಎಂದು ಅಪ್ಪ ಕೇಳಿದ.

"ಎರಡು. ಒಂದು ಸಮಿತಿಗೆ."

"ಪೋಸ್ಟು ತಡ ಆಗ್ತೈತೆ. ನಾಳೆ ಟೋನರ್ ತರಾಕೆ ದಾವಣಗೆರೆಗೆ ಹೋಗ್ತೀನಿ. ಕೈಯಾಗೇ ಕೊಟ್ಟು ಬರ್ತೀನಿ."

ಆಮೇಲೆ ಆ ವಿಷಯದ ಬಗ್ಗೆ ಅಪ್ಪ ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಶಾನುಭೋಗ್ರೆ ಎಂದು ನನ್ನನ್ನು ಕರೆಯುವುದನ್ನೂ ಬಿಟ್ಟ.

ಮುಂದಿನ ವಾರ ಸಮಿತಿಯಿಂದ ಒಬ್ಬ ಮೇಡಂ ಹೇಳದೆ ಬಂದರು. ಕುರ್ಚಿ ಬೇಡವೆಂದು ಕಟ್ಟೆಯ ಮೇಲೆಯೇ ಕೂತು ಅಜ್ಜಿಯನ್ನು ಕರೆಸಿದರು. ಅಜ್ಜಿ ಸೊಪ್ಪು ಸೋಸುತ್ತಿದ್ದವಳು ಮೊರ ಹಿಡಿದೇ ಬಂದಳು. ನಾನು ಬಾಗಿಲ ಸಂದಿಯಲ್ಲಿದ್ದೆ, ಅಮ್ಮ ನನ್ನ ಹಿಂದೆ.

"ರೇಖಾಳ ತಾಯಿ ಬರ್ತಿದ್ರಾ ಅಜ್ಜಿ?"

"ಬರ್ತಿದ್ಲಲ್ಲ. ವಾರ ವಾರ ಬರ್ತಿದ್ಲು. ಪಾಪ, ಬಿಸ್ಲಾಗೆ ನಡ್ಕೊಂಡು ಬರ್ತಿದ್ಲು ಬಸ್‌ಸ್ಟ್ಯಾಂಡಿಂದ."

"ಮತ್ತೆ ಯಾರಿಗೂ ಹೇಳ್ಲಿಲ್ಲ ಯಾಕೆ?"

"ನನ್ನ ಯಾರು ಕೇಳಿದ್ರು? ಈ ಹುಡುಗಿ ಕೇಳ್ತಿದ್ದಿದ್ದು ಲೋಟದ ಲೆಕ್ಕ. ಲೋಟದ ಲೆಕ್ಕ ಹೇಳಿದೀನಿ."

"ಅವರಿಗೆ ಲೋಟ ಯಾಕೆ ಕೊಡ್ತಿರಲಿಲ್ಲ?"

ಅಜ್ಜಿ ಮೇಡಂನ ಮುಖವನ್ನು ದಿಟ್ಟಿಸಿದಳು. ಇಷ್ಟು ಓದಿದವಳಿಗೆ ಇಷ್ಟೂ ತಿಳಿಯದೇ ಎಂಬಂತಿತ್ತು ನೋಟ.

"ಅದೆಂಗವ್ವ ಕೊಡಾಕೆ ಬರ್ತೈತೆ?"

ಅವಳ ದನಿಯಲ್ಲಿ ಹಗೆಯಿರಲಿಲ್ಲ. ಅದೇ ನನಗೆ ತಡೆಯಲಾಗದ್ದು. ಆ ಹೊತ್ತಿಗೂ ರೇಖಾ ಅವಳ ಸೀರೆಯ ಮಡಿಕೆ ಹಿಡಿದು ನಿಂತಿದ್ದಳು, ಅಜ್ಜಿಯ ಒಂದು ಕೈ ಅವಳ ತಲೆಯ ಮೇಲಿತ್ತು. ಮೇಡಂ ಏನೋ ಬರೆದುಕೊಂಡರು. ನನ್ನ ಹಿಂದೆ ಅಮ್ಮ ಉಸಿರು ಬಿಟ್ಟದ್ದು ನನ್ನ ಕತ್ತಿಗೆ ಬಿಸಿಯಾಗಿ ತಾಗಿತು.

ಮಗುವನ್ನು ತಾಯಿಗೆ ಒಪ್ಪಿಸಬೇಕೆಂದು ಸಮಿತಿ ಹೇಳಿತು. ಅಮ್ಮ ಹೆದರಿದಂತೆ ಏನೂ ಆಗಲಿಲ್ಲ, ಜಗಳೂರಿನ ಕಚೇರಿ ಹೇಳಿದ ತಿಂಗಳಲ್ಲೇ ತೆರೆಯಿತು. ಪ್ರಭು ಸರ್ ತಮ್ಮ ವರದಿಯನ್ನು ಹಿಂದಕ್ಕೆ ಪಡೆದು, ಅದೇ ವೇಗದಲ್ಲಿ ಹೊಸದೊಂದು ಬರೆದರು. ಸಂಘದ ಪ್ರಯತ್ನದಿಂದ ತಾಯಿಯ ಮಡಿಲು ಸೇರಿದ ಮಗು ಎಂದು ಅದರ ತಲೆಬರಹ. ಹೊನ್ನಾಳಿಯ ದಂಪತಿ ಮೆತ್ತನೆಯ ಚಪ್ಪಲಿಯನ್ನು ವಾಪಸು ಕೇಳಲಿಲ್ಲ. ಅಜ್ಜಿಗೆ ಯಾರೂ ತಪ್ಪೆಂದು ಒಂದು ಮಾತೂ ಹೇಳಲಿಲ್ಲ.

ದುರುಗಮ್ಮ ಬಂದದ್ದು ಗುರುವಾರ. ಯಾವುದೋ ಮದುವೆಗೆ ತೆಗೆದ ಸೀರೆಯಿರಬೇಕು, ಮಡಿಕೆಯ ಗೆರೆಗಳು ಇನ್ನೂ ಬಿಟ್ಟಿರಲಿಲ್ಲ. ಅಮ್ಮ ಬಾಗಿಲಿಗೆ ಹೋಗಿ, ಒಳಗೆ ಬಾ, ಕೂತ್ಕೊ ಎಂದು ಕರೆದಳು. ಅಮ್ಮನ ಕಣ್ಣು ಕೆಂಪಗಿತ್ತು.

"ಬ್ಯಾಡ್ರಕ್ಕ, ಬಸ್ಸಿಗೆ ಹೊತ್ತಾತು," ಎಂದು ದುರುಗಮ್ಮ ಬೀದಿಯಲ್ಲೇ ನಿಂತಳು.

ಪ್ರಭು ಸರ್ ಮೊಬೈಲು ತೆಗೆದರು. ಅಮ್ಮ ಮಗುವಿನ ಕೈಯನ್ನು ತಾಯಿಯ ಕೈಗೆ ಇಡುತ್ತಿರುವಂತೆ ಒಂದು ಫೋಟೋ ಬೇಕೆಂದರು. ದುರುಗಮ್ಮ ಸೆರಗು ಎಳೆದು ರೇಖಾಳ ಮುಖದ ಮೇಲೆ ಹಾಕಿದಳು. ಫೋಟೋ ಬ್ಯಾಡ ಎಂದೂ ಹೇಳಲಿಲ್ಲ, ಸೆರಗು ತೆಗೆಯಲೂ ಇಲ್ಲ. ಸರ್ ಸ್ವಲ್ಪ ಹೊತ್ತು ಕಾದು ಮೊಬೈಲು ಜೇಬಿಗೆ ಹಾಕಿದರು. ಆಮೇಲೆ ಸಹಿ ಮಾಡಬೇಕಾದ ಹಾಳೆ ಕೊಟ್ಟರು. ಅವಳು ಅದನ್ನು ನನ್ನ ಕಡೆ ತಿರುಗಿಸಿದಳು.

"ಏನ್ ಬರೆದೈತೆ, ಓದಿ ಹೇಳು."

ಓದಿದೆ. ಸಂಘವು ದಯಪಾಲಿಸಿದ ಮಗುವನ್ನು ಸುಸ್ಥಿತಿಯಲ್ಲಿ ಪಡೆದುಕೊಂಡಿರುತ್ತೇನೆ.

"ದಯಪಾಲಿಸೋದು ಅಂದ್ರೆ?"

"ಕೊಡೋದು."

"ಕೊಟ್ಟಿದ್ದು ನಾನು. ಒಂದು ವರ್ಷಕ್ಕೆ ಅಂತ ಕೊಟ್ಟಿದ್ದೆ. ಹಂಗೆ ಬರಿ."

ಪ್ರಭು ಸರ್ ಅದು ಟೈಪು ಮಾಡಿದ ನಮೂನೆ, ಎಲ್ಲರದ್ದೂ ಹಾಗೇ ಇರುತ್ತದೆ ಎಂದರು. ಅವಳು ಅವರನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನು ಆ ಸಾಲಿನ ಮೇಲೆ ಗೆರೆ ಎಳೆದೆ. ಕೆಳಗೆ ನನ್ನ ಕೈಯಿಂದ ಬರೆದೆ: ಒಂದು ವರ್ಷಕ್ಕೆಂದು ನಾನು ಬಿಟ್ಟಿದ್ದ ನನ್ನ ಮಗಳನ್ನು ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಅದನ್ನೂ ಓದಿಸಿ ಕೇಳಿದಳು. ನಾಲ್ಕನೆಯ ತರಗತಿಯವರೆಗೆ ಓದಿದ್ದಳಂತೆ, ಅದು ನಮ್ಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಬಗ್ಗಿ, ಒಂದೊಂದೇ ಅಕ್ಷರವನ್ನು ಒತ್ತಿ ಒತ್ತಿ ತನ್ನ ಹೆಸರು ಬರೆದಳು. ನಾನು ಪೆನ್ನಿಗಾಗಿ ಕೈ ಚಾಚಿದೆ. ಅವಳು ಅದನ್ನು ನನ್ನ ಕೈಗೆ ಕೊಡಲಿಲ್ಲ. ನನ್ನ ಪಕ್ಕದಲ್ಲಿ ಕಟ್ಟೆಯ ಮೇಲೆ ಇಟ್ಟು, ಮಗಳನ್ನು ಎತ್ತಿಕೊಂಡು, ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.